ಇನ್ನೊಮ್ಮೆ ನೋಡಿ ಎಂದು ಕೇಳುವ ಮೊದಲು





ಹೋದ ವಾರ ನಮ್ಮ ಗುಂಪಿನ ಒಬ್ಬ ಕನ್ನಿಸ್ವಾಮಿ ನನಗೆ ಒಂದು ಪ್ರಶ್ನೆ ಕೇಳಿದರು. "ಸ್ವಾಮಿ, ಕೆಳಗಿನ ಕೋರ್ಟು ಒಂದು ಹೇಳಿತು, ಅಪೀಲಿನಲ್ಲಿ ಇನ್ನೊಂದು ಹೇಳಿತು. ಅಲ್ಲಿಗೆ ಮುಗಿಯಬೇಕಲ್ವಾ? ಅಪೀಲಿನಲ್ಲಿ ಸೋತ ಮೇಲೂ ಅದೇ ಕೋರ್ಟಿಗೆ ಹೋಗಿ ಇನ್ನೊಮ್ಮೆ ನೋಡಿ ಅಂತ ಕೇಳೋದು ಹಠ ಅಲ್ವಾ? ವ್ರತದಲ್ಲಿ ಇರೋರು ಹಾಗೆ ಕೇಳಬಹುದಾ?"

ತಕ್ಷಣ ಉತ್ತರ ಕೊಡಲು ಆಗಲಿಲ್ಲ. ಆ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕುಳಿತು ಒಂದು ವರ್ಷ ಆಯಿತು. ಅದಕ್ಕೇ ಈ ವಾರದ ಬರಹ ಸ್ವಲ್ಪ ಉದ್ದ. ಸಮಾಧಾನದಿಂದ ಓದಿ.

ನಾನು ಕೆಲಸ ಮಾಡುವುದು ಕೋಲ್ಕತ್ತದ ಬಿಬಿಡಿ ಬಾಗ್‌ನ ಒಂದು ಬ್ಯಾಂಕಿನಲ್ಲಿ. ಹಳೆಯ ಡಾಲ್‌ಹೌಸಿ ಸ್ಕ್ವೇರ್ ಅದೇ. ಮಧ್ಯದಲ್ಲಿ ಲಾಲ್ ದಿಘಿ ಎಂಬ ಕೆರೆ, ಉತ್ತರಕ್ಕೆ ಕೆಂಪು ಬಣ್ಣದ ರೈಟರ್ಸ್ ಬಿಲ್ಡಿಂಗ್, ಪಶ್ಚಿಮಕ್ಕೆ ದೊಡ್ಡ ಗುಮ್ಮಟದ ಜಿಪಿಒ. 1930ರ ಡಿಸೆಂಬರ್ 8ರಂದು ರೈಟರ್ಸ್ ಬಿಲ್ಡಿಂಗ್ ಒಳಗೆ ನುಗ್ಗಿದ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಹುಡುಗರ ಹೆಸರೇ ಈಗ ಈ ಜಾಗಕ್ಕೆ. ಕಲ್ಕತ್ತಾ ಹೈಕೋರ್ಟು ಇಲ್ಲಿಂದ ನಡೆದು ಹೋಗುವಷ್ಟೇ ದೂರ. ಮಧ್ಯಾಹ್ನ ಊಟದ ಹೊತ್ತಿಗೆ ಕಪ್ಪು ಕೋಟಿನ ವಕೀಲರು ಫುಟ್‌ಪಾತಿನಲ್ಲಿ ಚಹಾ ಕುಡಿಯುತ್ತ ನಿಂತಿರುತ್ತಾರೆ. ವ್ರತದ ದಿನಗಳಲ್ಲಿ ಕಪ್ಪು ಅಂಗಿ ಹಾಕಿಕೊಂಡು ಬರಿಗಾಲಲ್ಲಿ ಅವರ ನಡುವೆ ಹೋಗುವಾಗ ಇಲ್ಲಿಯವರಿಗೆ ನಾನೂ ಕೋರ್ಟಿನವನೇ, ಚಪ್ಪಲಿ ಕಳೆದುಕೊಂಡಿದ್ದೇನೆ ಅನ್ನಿಸುತ್ತದೋ ಏನೋ.

ಚೌಕದ ಈಶಾನ್ಯ ಮೂಲೆಯಲ್ಲಿ ಎತ್ತರದ ಗೋಪುರದ ಸೇಂಟ್ ಆಂಡ್ರೂಸ್ ಚರ್ಚ್ ಇದೆ. ಅದಕ್ಕೂ ಮೊದಲು ಅಲ್ಲಿದ್ದದ್ದು ಹಳೆಯ ಕೋರ್ಟ್ ಹೌಸ್. 1775ರ ಜೂನ್ ತಿಂಗಳಲ್ಲಿ ಮಹಾರಾಜ ನಂದಕುಮಾರನ ವಿಚಾರಣೆ ನಡೆದದ್ದು ಅಲ್ಲಿ.

ನಂದಕುಮಾರ ಬಂಗಾಳದ ದೊಡ್ಡ ಅಧಿಕಾರಿಯಾಗಿದ್ದವನು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಲಂಚ ತಿಂದಿದ್ದಾನೆ ಎಂದು ಅದೇ ವರ್ಷದ ಮಾರ್ಚಿನಲ್ಲಿ ಆರೋಪ ಮಾಡಿದ. ಮೇ ತಿಂಗಳಲ್ಲಿ ಅವನನ್ನೇ ಹಿಡಿದರು. ಹಲವು ವರ್ಷ ಹಿಂದಿನ ಒಂದು ಸಾಲಪತ್ರವನ್ನು ಅವನು ಖೋಟಾ ಮಾಡಿದ್ದ ಎಂಬುದು ಆಪಾದನೆ. ಹೊಸದಾಗಿ ಬಂದಿದ್ದ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಎಲಿಜಾ ಇಂಪೆ, ಇನ್ನು ಮೂವರು ನ್ಯಾಯಮೂರ್ತಿಗಳು, ಹನ್ನೆರಡು ಜನರ ಜ್ಯೂರಿ. ಒಂದು ವಾರದ ಸ್ವಲ್ಪ ಮೇಲೆ ನಡೆದ ವಿಚಾರಣೆಯಲ್ಲಿ ಅಪರಾಧಿ ಎಂದಾಯಿತು. ಇಂಗ್ಲೆಂಡಿನ ಕಾನೂನಿನಲ್ಲಿ ಖೋಟಾ ಪತ್ರಕ್ಕೆ ಮರಣದಂಡನೆ ಇತ್ತು. ಬಂಗಾಳದ ಜನಕ್ಕೆ ಅಂಥ ಕಾನೂನೇ ಗೊತ್ತಿರಲಿಲ್ಲ.

ಅವನ ಕಡೆಯವರು ಕೇಳಿದ್ದು ಹೆಚ್ಚೇನಲ್ಲ. ಇಂಗ್ಲೆಂಡಿನ ದೊರೆಗೆ ಮೇಲ್ಮನವಿ ಹೋಗಲು ಬಿಡಿ, ಉತ್ತರ ಬರುವವರೆಗೆ ಶಿಕ್ಷೆ ತಡೆಹಿಡಿಯಿರಿ ಎಂದಷ್ಟೇ. ಹಾಗೆ ತಡೆಯುವ ಅಧಿಕಾರ ಆ ಕೋರ್ಟಿಗೆ ಇತ್ತು. ಕೋರ್ಟು ಒಪ್ಪಲಿಲ್ಲ. 1775ರ ಆಗಸ್ಟ್ 5ರಂದು ಗಲ್ಲಿಗೆ ಹಾಕಿದರು. ಮುಂದೆ ಇಂಪೆಯನ್ನು ವಾಪಸು ಕರೆಸಿಕೊಂಡರು. ಈ ವಿಷಯಕ್ಕಾಗಿ ಬ್ರಿಟಿಷ್ ಸಂಸತ್ತಿನಲ್ಲಿ ಅವನ ಮೇಲೆ ಮಹಾಭಿಯೋಗ ತರುವ ಪ್ರಯತ್ನ ನಡೆದು 1788ರಲ್ಲಿ ಬಿದ್ದುಹೋಯಿತು. ಸಂಸತ್ತು ತಿಂಗಳುಗಟ್ಟಲೆ ಕುಳಿತು ಮಾತಾಡಿತು, ಆದರೆ ನಂದಕುಮಾರ ಸತ್ತು ಹದಿಮೂರು ವರ್ಷ ಆಗಿತ್ತು.

ನಂದಕುಮಾರ ನಿಜವಾಗಿ ತಪ್ಪು ಮಾಡಿದ್ದನೇ ಎಂಬ ಬಗ್ಗೆ ಇತಿಹಾಸ ಬರೆಯುವವರಲ್ಲಿ ಒಮ್ಮತ ಇಲ್ಲ. ನನಗೆ ಬೇಕಾದದ್ದು ಅದಲ್ಲ. ಅವನು ತಪ್ಪಿತಸ್ಥನೇ ಆಗಿದ್ದರೂ, ಇನ್ನೊಮ್ಮೆ ನೋಡಲು ಕೆಲವು ತಿಂಗಳು ಕಾದಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು? ನೋಡದೆ ಹೋದದ್ದಕ್ಕೆ ಆದ ನಷ್ಟ ಮಾತ್ರ ಇವತ್ತಿಗೂ ತುಂಬಿಲ್ಲ. ಹಾಗಾಗಿ, ತೀರ್ಪು ಕೊಟ್ಟವರನ್ನು ಮರಳಿ ನೋಡಿ ಎಂದು ಕೇಳುವುದೇ ತಪ್ಪು ಎನ್ನುವವರ ಜೊತೆ ನಾನು ನಿಲ್ಲಲಾರೆ.

ಇವತ್ತಿನ ನಮ್ಮ ಕಾನೂನು ಕೂಡ ಅದು ತಪ್ಪು ಎನ್ನುವುದಿಲ್ಲ. ಅಪೀಲು ಬೇರೆ, ರಿವ್ಯೂ ಬೇರೆ ಸ್ವಾಮಿಗಳೇ. ಅಪೀಲಿನಲ್ಲಿ ಮೇಲಿನವರ ಹತ್ತಿರ ಹೋಗಿ ಕೆಳಗಿನವರು ತಪ್ಪು ಮಾಡಿದರು ಎನ್ನುತ್ತೇವೆ. ರಿವ್ಯೂನಲ್ಲಿ ತೀರ್ಪು ಕೊಟ್ಟವರ ಎದುರಿಗೇ ಹೋಗಿ, ಸಾಧ್ಯವಾದಷ್ಟು ಅದೇ ನ್ಯಾಯಮೂರ್ತಿಗಳ ಮುಂದೆಯೇ, ನಿಮ್ಮ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ ಎನ್ನುತ್ತೇವೆ. ಸಿವಿಲ್ ದಾವೆಗಳಲ್ಲಿ ಇದಕ್ಕೆ ದಾರಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 47ನೇ ಆದೇಶದಲ್ಲಿದೆ. ಸುಪ್ರೀಂ ಕೋರ್ಟಿಗೆ ಸಂವಿಧಾನದ 137ನೇ ವಿಧಿ ಆ ಅಧಿಕಾರ ಕೊಟ್ಟಿದೆ. ಸಾಮಾನ್ಯವಾಗಿ 30 ದಿನದೊಳಗೆ ಅರ್ಜಿ ಹಾಕಬೇಕು.

ಬಾಗಿಲು ಇದೆ, ಆದರೆ ಬಹಳ ಕಿರಿದು. ಎಷ್ಟು ಹುಡುಕಿದರೂ ಆಗ ಸಿಗದಿದ್ದ ಹೊಸ ಮುಖ್ಯ ಸಾಕ್ಷ್ಯ ಈಗ ಸಿಕ್ಕಿರಬೇಕು. ಇಲ್ಲವೇ ತೀರ್ಪಿನಲ್ಲಿ ನೋಡಿದ ಕೂಡಲೇ ಎದ್ದು ಕಾಣುವ ತಪ್ಪು ಇರಬೇಕು. ಅಥವಾ ಅಷ್ಟೇ ಗಟ್ಟಿಯಾದ ಬೇರೆ ಕಾರಣ ಇರಬೇಕು. ಅದೇ ವಾದವನ್ನು ಇನ್ನೂ ಜೋರಾಗಿ ಹೇಳುತ್ತೇನೆ ಎಂದರೆ ನಡೆಯುವುದಿಲ್ಲ. ಅದಕ್ಕೇ ಹೆಚ್ಚಿನ ರಿವ್ಯೂ ಅರ್ಜಿಗಳು ವಜಾ ಆಗುತ್ತವೆ. ಇದು ಕ್ರೂರ ಅಂತ ಮೊದಲು ನನಗೆ ಅನ್ನಿಸುತ್ತಿತ್ತು. ಆಮೇಲೆ ಯೋಚಿಸಿದೆ. ಗೆದ್ದವನೂ ಬದುಕಬೇಕಲ್ಲ? ಅವನು ಮನೆ ಕಟ್ಟುತ್ತಾನೆ, ಗಿಡ ನೆಡುತ್ತಾನೆ, ಮಗಳ ಮದುವೆ ಮಾಡುತ್ತಾನೆ. ಯಾವ ತೀರ್ಪೂ ಎಂದೂ ಮುಗಿಯದೇ ಇದ್ದರೆ ದುಡ್ಡು ಇದ್ದವನು ಇಲ್ಲದವನನ್ನು ಸಾಯುವವರೆಗೂ ಅಲೆಸಬಹುದು.

ಕೇಳುವುದು ಹೇಗೆ ತಪ್ಪಾಗಬಹುದು ಎನ್ನುವುದಕ್ಕೆ ನಮ್ಮ ಕನ್ನಡದವರಿಗೆ ಹತ್ತಿರದ ಒಂದು ಉದಾಹರಣೆ ಇದೆ. ಮಂಗಳೂರಿನಿಂದ ರೈಲಿನಲ್ಲಿ ಶಬರಿಮಲೆ ಕಡೆಗೆ ಹೋಗುವ ಸ್ವಾಮಿಗಳು ಕಾಸರಗೋಡು ದಾಟಿಯೇ ಹೋಗುತ್ತೀರಿ. ಅಲ್ಲಿಗೆ ಹತ್ತಿರದಲ್ಲೇ ಎಡನೀರು ಮಠ. ಅದರ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ ಆಗಿ, ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂಬ ತೀರ್ಪು ಬಂತು.

1975ರ ನವೆಂಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಆ ತೀರ್ಪನ್ನೇ ಮರಳಿ ನೋಡಲು ಮುಖ್ಯ ನ್ಯಾಯಮೂರ್ತಿ ಎ. ಎನ್. ರೇ ಮತ್ತೆ ಹದಿಮೂರು ಜನರ ಪೀಠ ಕೂರಿಸಿದರು. ವಕೀಲ ನಾನಿ ಪಾಲ್ಖಿವಾಲಾ ಎದ್ದು ನಿಂತು ವಿರೋಧಿಸಿದರು. ವಾದ ನಡೆಯುತ್ತಿದ್ದಂತೆ ಒಂದು ಸರಳ ಪ್ರಶ್ನೆ ಮೇಲೆ ಬಂತು: ಮರಳಿ ನೋಡಿ ಎಂದು ಕೇಳಿದವರು ಯಾರು? ಅಂಥ ರಿವ್ಯೂ ಅರ್ಜಿಯೇ ಇರಲಿಲ್ಲ. ಎರಡು ದಿನ ವಾದ ಕೇಳಿ, ನವೆಂಬರ್ 12ರಂದು ಪೀಠ ವಿಸರ್ಜನೆ ಆಯಿತು. ಅಲ್ಲಿ ಹೊಸ ಸಾಕ್ಷ್ಯ ಇರಲಿಲ್ಲ, ನೊಂದು ಬಂದ ಅರ್ಜಿದಾರ ಇರಲಿಲ್ಲ. ಇದ್ದದ್ದು ಆ ತೀರ್ಪು ಇಷ್ಟವಿಲ್ಲದ ಸರ್ಕಾರ ಒಂದೇ.

ನಮ್ಮ ಶಬರಿಮಲೆಯ ವಿಷಯ ನೀವು ಕೇಳಿಯೇ ಕೇಳುತ್ತೀರಿ. 2018ರ ಸೆಪ್ಟೆಂಬರ್ 28ರ ತೀರ್ಪು ನಾಲ್ವರು ಒಂದು ಕಡೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಒಬ್ಬರೇ ಇನ್ನೊಂದು ಕಡೆ ಆಗಿ ಬಂತು. ಮರಳಿ ನೋಡಿ ಎಂದು ಐವತ್ತಕ್ಕೂ ಹೆಚ್ಚು ಅರ್ಜಿಗಳು ಬಿದ್ದವು. 2019ರ ನವೆಂಬರ್ 14ರಂದು ಐವರಲ್ಲಿ ಮೂವರು, ಧರ್ಮ ಮತ್ತು ಹಕ್ಕುಗಳ ಕೆಲವು ದೊಡ್ಡ ಪ್ರಶ್ನೆಗಳನ್ನು ಇನ್ನೂ ದೊಡ್ಡ ಪೀಠ ನೋಡಲಿ, ಅಲ್ಲಿಯವರೆಗೆ ಈ ಅರ್ಜಿಗಳು ಹಾಗೇ ಇರಲಿ ಎಂದರು. ಆ ಮೂವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಖಾನ್ವಿಲ್ಕರ್ 2018ರಲ್ಲಿ ನಾಲ್ವರ ಜೊತೆ ಇದ್ದವರು. ಉಳಿದ ಇಬ್ಬರು, ಇದರಲ್ಲಿ ರಿವ್ಯೂ ಮಾಡುವಂಥದ್ದು ಏನೂ ಇಲ್ಲ ಎಂದರು.

ಆ ದಿನ ನಮ್ಮ ಫೋನುಗಳಲ್ಲಿ ಗೆದ್ದೆವು ಎಂದು ಬರೆದವರೂ ಇದ್ದರು, ಸೋತೆವು ಎಂದು ಬರೆದವರೂ ಇದ್ದರು. ನಿಜವಾಗಿ ಅವತ್ತು ಯಾರೂ ಗೆದ್ದಿರಲಿಲ್ಲ, ಯಾರೂ ಸೋತಿರಲಿಲ್ಲ. ಆ ಪ್ರಶ್ನೆಯ ಬಗ್ಗೆ ನಮ್ಮ ಗುಂಪಿನಲ್ಲೇ ಎರಡು ಅಭಿಪ್ರಾಯ ಇವೆ. ಆ ಚರ್ಚೆ ಇಲ್ಲಿ ಬೇಡ. ಅರ್ಜಿ ಹಾಕಿ ಕೇಳುವುದು ತಪ್ಪಲ್ಲ ಎಂಬಷ್ಟಕ್ಕೆ ಇದನ್ನು ಹೇಳಿದೆ. ಬೀದಿಯಲ್ಲಿ ಕಲ್ಲು ಎಸೆಯುವುದಕ್ಕಿಂತ, ಬಸ್ಸು ತಡೆಯುವುದಕ್ಕಿಂತ ಕಾಗದದ ಮೇಲೆ ಕಾರಣ ಬರೆದು ಕೇಳುವುದು ಮೇಲು. ಕೇಳಿದ ಮೇಲೆ ಕಾಯಲು ಬರಬೇಕು, ಉತ್ತರ ಇಲ್ಲ ಎಂದು ಬಂದರೂ ತಗೊಳ್ಳಲು ಬರಬೇಕು.

ಇನ್ನು ನನ್ನ ಮನೆಯ ವಿಷಯ.

ನಮ್ಮದು ಶಿವಮೊಗ್ಗ ಕಡೆ. ಎರಡು ಎಕರೆ ಅಡಿಕೆ ತೋಟ ಅಜ್ಜನ ಕಾಲದಲ್ಲಿ ಅಡಮಾನಕ್ಕೆ ಹೋಗಿತ್ತು. ಅಪ್ಪ ಅದನ್ನು ಬಿಡಿಸಿಕೊಂಡು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಬಿಡಿಸುವಾಗ ಅರ್ಧ ದುಡ್ಡು ನಾನು ಕೊಟ್ಟಿದ್ದೆ, ನನ್ನ ಪಾಲು ಕೊಡು ಅಂತ ಚಿಕ್ಕಪ್ಪ ದಾವೆ ಹಾಕಿದರು. ಅವರ ಹತ್ತಿರ ಕಾಗದ ಇರಲಿಲ್ಲ, ಊರಿನ ಇಬ್ಬರ ಬಾಯಿಮಾತಿನ ಸಾಕ್ಷಿ ಇತ್ತು. ಕೆಳಗಿನ ಕೋರ್ಟು ಅವರನ್ನು ನಂಬಿತು. ಅಪ್ಪ ಅಪೀಲು ಹೋದರು. ಬರಹದ ಸಾಕ್ಷ್ಯ ಇಲ್ಲ ಎಂದು ಅಪೀಲಿನಲ್ಲಿ ನಮಗೆ ಆಯಿತು. ಚಿಕ್ಕಪ್ಪ ಅಲ್ಲಿಗೆ ಬಿಟ್ಟರು. ಮುಂದೆ ಹೋಗಲು ಅವರಿಗೆ ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಮರುವರ್ಷ ಅಪ್ಪ ಹೋಗಿಬಿಟ್ಟರು. ಚಿಕ್ಕಪ್ಪ ಬಂದು ಹೆಗಲು ಕೊಟ್ಟರು, ನಮ್ಮ ಮನೆಯಲ್ಲಿ ನೀರು ಕುಡಿಯದೆ ಹೋದರು.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ, ಈ ಸಲ ಅಪ್ಪನ ಮಾಲೆಯನ್ನೇ ಹಾಕಿಕೊಳ್ಳೋಣ ಎಂದು ಅವರ ಟ್ರಂಕು ತೆಗೆದೆ. ಅಪ್ಪ ಹನ್ನೊಂದು ಸಲ ಮಲೆಗೆ ಹೋದವರು. ಮಾಲೆ ಸಿಕ್ಕಿತು. ಅದರ ಕೆಳಗೆ ಅಡಿಕೆ ಲೆಕ್ಕದ ಹಳೆಯ ಪುಸ್ತಕಗಳು. 1987ರ ಪುಸ್ತಕದಲ್ಲಿ ಅಪ್ಪನದೇ ಅಕ್ಷರದಲ್ಲಿ ಒಂದು ಸಾಲು: ಅಡಮಾನದ ಬಾಬ್ತು ತಮ್ಮನಿಂದ ಬಂದದ್ದು, ಹದಿನೆಂಟು ಸಾವಿರ.

ಅಪ್ಪ ಮರೆತಿದ್ದರೋ, ಮುಚ್ಚಿಟ್ಟಿದ್ದರೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಯಾರಿಗೂ ಹೇಳದೆ ಕೋಲ್ಕತ್ತಕ್ಕೆ ಬಂದೆ.

ನಮ್ಮ ಕೌಂಟರಿಗೆ ಬರುವ ಒಬ್ಬ ವಯಸ್ಸಾದ ವಕೀಲರಿದ್ದಾರೆ. ಅವರನ್ನು ಒಂದು ಮಧ್ಯಾಹ್ನ ಲಾಲ್ ದಿಘಿ ಹತ್ತಿರ ಹಿಡಿದು, ಯಾರದೋ ಕಥೆ ಎಂಬಂತೆ ಹೇಳಿದೆ. ಅವರು ಕೇಳಿದ ಮೊದಲ ಮಾತು, "ನೀನು ಸೋತವನ ಕಡೆಯವನಾ?" ಇಲ್ಲ ಎಂದೆ. ಅವರು ಚಹಾ ಲೋಟ ಕೆಳಗಿಟ್ಟರು. "ಗೆದ್ದವನು ಬಂದು ರಿವ್ಯೂ ಬಗ್ಗೆ ಕೇಳಿದ್ದು ನನ್ನ ನಲವತ್ತು ವರ್ಷದಲ್ಲಿ ಇದೇ ಮೊದಲು" ಎಂದರು. ಆಮೇಲೆ ನಿಧಾನವಾಗಿ ವಿವರಿಸಿದರು. ಅರ್ಜಿ ಹಾಕಬೇಕಾದದ್ದು ನೊಂದವರು, ಅಂದರೆ ಚಿಕ್ಕಪ್ಪ. 30 ದಿನ ಎಂದೋ ಮುಗಿದಿದೆ, ಆದರೆ ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿ ಮನ್ನಾ ಕೇಳಬಹುದು. ಎದುರು ಪಕ್ಷದ ಟ್ರಂಕಿನಲ್ಲಿದ್ದ ಪುಸ್ತಕವನ್ನು ಅವರು ಮೊದಲೇ ತರಬೇಕಿತ್ತು ಎಂದು ಯಾರೂ ಹೇಳಲಾರರು. ಮುಖ್ಯ ದಾಖಲೆ ಮುಚ್ಚಿಟ್ಟು ಪಡೆದ ತೀರ್ಪು ವಂಚನೆಯಿಂದ ಪಡೆದದ್ದು ಎಂದು ಸುಪ್ರೀಂ ಕೋರ್ಟು 1993ರಲ್ಲೇ ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಹೇಳಿದೆ. ಕೊನೆಗೆ ಅವರೆಂದರು, "ಕಾನೂನಿನಲ್ಲಿ ದಾರಿ ಇದೆ. ಪುಸ್ತಕ ಮಾತ್ರ ನಿನ್ನ ಕೈಯಲ್ಲಿದೆ."

ಅಂದಿನಿಂದ ಎಷ್ಟು ಕಾರಣ ಹುಡುಕಿದೆ ಗೊತ್ತೇ? ಚಿಕ್ಕಪ್ಪ ಸುಮ್ಮನಾಗಿದ್ದಾರೆ, ಮತ್ತೆ ಯಾಕೆ ಕೆದಕಬೇಕು. ಅಮ್ಮನ ಖರ್ಚು ನಡೆಯುವುದು ಆ ತೋಟದಿಂದ. ಅಪ್ಪ ಇಲ್ಲ, ಅವರ ಹೆಸರಿಗೆ ಮಸಿ ಬಳಿದಂತಾಗುತ್ತದೆ. ಯಾವುದೂ ಸುಳ್ಳು ಕಾರಣ ಅಲ್ಲ. ಆದರೆ ಒಂದೊಂದನ್ನೂ ಹೇಳಿಕೊಂಡಾಗ, ಇದೇ ಪುಸ್ತಕ ಚಿಕ್ಕಪ್ಪನ ಟ್ರಂಕಿನಲ್ಲಿ ನಮ್ಮ ಪರವಾಗಿ ಇದ್ದಿದ್ದರೆ ನಾನು ಏನು ಹೇಳುತ್ತಿದ್ದೆ ಎಂಬ ಮಾತು ಬರುತ್ತಿತ್ತು. ಆಗ ಉತ್ತರ ಇರುತ್ತಿರಲಿಲ್ಲ.

ವ್ರತ ಮುಗಿಸಿ ಮಲೆಗೆ ಹೋದೆ. ಒಂದು ಸೂಚನೆ ಕೊಡು ಅಂತ ಬೇಡಿಕೊಂಡೇ ಹದಿನೆಂಟು ಮೆಟ್ಟಿಲು ಹತ್ತಿದೆ. ನಿಮಗೆ ಗೊತ್ತಲ್ಲ, ಎದುರು ನಿಲ್ಲಲು ಸಿಗುವುದು ಎಷ್ಟು ಸೆಕೆಂಡು. ಯಾವ ಸೂಚನೆಯೂ ಸಿಗಲಿಲ್ಲ. ಇಳಿದು ಬರುವಾಗ ಇರುಮುಡಿ ಹಗುರವಾಗಿತ್ತು, ಮನಸ್ಸು ಆಗಿರಲಿಲ್ಲ. ಸೂಚನೆ ಕೇಳುವಂಥದ್ದು ಏನಿತ್ತು ಎಂದು ದಾರಿಯಲ್ಲಿ ಅನ್ನಿಸಿತು. ಏನು ಮಾಡಬೇಕು ಅಂತ ಟ್ರಂಕು ಮುಚ್ಚಿದ ದಿನವೇ ನನಗೆ ಗೊತ್ತಿತ್ತು. ನಾನು ಕೇಳುತ್ತಿದ್ದದ್ದು ಮಾಡದೇ ಇರಲು ಅನುಮತಿ.

ಮಾಲೆ ತೆಗೆಯುವ ಮೊದಲೇ ಚಿಕ್ಕಪ್ಪನ ಮನೆಗೆ ಹೋದೆ. "ಬಾ ಸ್ವಾಮಿ" ಎಂದು ಒಳಗೆ ಕರೆದರು. ಪುಸ್ತಕ ಕೊಟ್ಟೆ. ಕನ್ನಡಕ ಹಾಕಿಕೊಂಡು ಆ ಸಾಲನ್ನು ಬಹಳ ಹೊತ್ತು ನೋಡಿದರು. "ಅಣ್ಣನ ಅಕ್ಷರ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದು ಸಲ ಬಾಯಿಬಿಟ್ಟು ಹೌದು ಅಂದಿದ್ರೆ ಸಾಕಿತ್ತು. ತೋಟ ಅವನೇ ಇಟ್ಕೊಳ್ಳಲಿ ಅಂತಿದ್ದೆ" ಎಂದರು.

ನನ್ನ ಪಾಲನ್ನು ಬರೆದುಕೊಟ್ಟು ಮುಗಿಸಬಹುದಿತ್ತು ಎಂದು ನೀವು ಕೇಳಬಹುದು. ತೋಟದಲ್ಲಿ ಅಮ್ಮನಿಗೂ ಅಕ್ಕನಿಗೂ ಹಕ್ಕಿದೆ, ಅವರು ಒಪ್ಪಲಿಲ್ಲ. ಅಕ್ಕ ಕೇಳಿದ್ದು, "ಕೋರ್ಟೇ ಮುಗಿಸಿದ್ದನ್ನು ನೀನ್ಯಾಕೋ ಬಿಚ್ತೀಯ?" ಅಮ್ಮ ಒಂದು ತಿಂಗಳು ನನ್ನ ಫೋನು ಎತ್ತಲಿಲ್ಲ. ಹಾಗಾಗಿ ಚಿಕ್ಕಪ್ಪನ ವಕೀಲರು ತಡ ಮನ್ನಾ ಕೋರಿ ರಿವ್ಯೂ ಅರ್ಜಿ ಹಾಕಿದರು. ಪುಸ್ತಕ ನಮ್ಮ ಮನೆಯಲ್ಲೇ ಸಿಕ್ಕಿತು, ಅಕ್ಷರ ನಮ್ಮ ಅಪ್ಪನದೇ ಎಂದು ನಾನು ಅಫಿಡವಿಟ್ ಕೊಟ್ಟಿದ್ದೇನೆ. ಅಪ್ಪನ ವಿರುದ್ಧ ಸಹಿ ಹಾಕುವಾಗ ಕೈ ನಡುಗಿದ್ದು ಸುಳ್ಳಲ್ಲ. ಅರ್ಜಿ ಇನ್ನೂ ಕೋರ್ಟಿನಲ್ಲಿದೆ. ಏನಾಗುತ್ತದೋ ತಿಳಿಯದು. ತಡವಾಯಿತು ಎಂದು ವಜಾ ಆದರೂ ಆಗಬಹುದು.

ಈಗ ಆ ಕನ್ನಿಸ್ವಾಮಿಯ ಪ್ರಶ್ನೆಗೆ ಬರುತ್ತೇನೆ. ಕೇಳುವುದು ಹಠವೋ ಅಲ್ಲವೋ ಎಂದು ಅರ್ಜಿ ನೋಡಿ ಹೇಳಲು ಬರುವುದಿಲ್ಲ. ಮೊದಲ ಸಲ ಕಾಣದೆ ಹೋದ ಯಾವುದನ್ನು ನಾವು ತೆಗೆದುಕೊಂಡು ಹೋಗುತ್ತಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಒಂದು ಕಾಗದ, ಒಂದು ಸತ್ಯ, ತೀರ್ಪಿನಲ್ಲಿ ತಪ್ಪಿಹೋದ ಒಂದು ಸಂಗತಿ ಇದ್ದರೆ ಧೈರ್ಯವಾಗಿ ಹೋಗಿ. ಮಾಲೆ ಇದ್ದರೂ ಹೋಗಿ. ಸೋತ ಸಿಟ್ಟು ಮಾತ್ರ ಇದ್ದರೆ, ಅದನ್ನು ಕೋರ್ಟಿಗೆ ಹೊತ್ತುಕೊಂಡು ಹೋಗಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮರಳಿ ನೋಡಿ ಎಂದು ಕೇಳುವ ಹಕ್ಕು ಸೋತವರದು. ಮರಳಿ ನೋಡುವ ಕರ್ತವ್ಯ ಗೆದ್ದವರಿಗೂ ಇದೆ. ಕೋರ್ಟಿಗೆ ಕಾಣುವುದು ಅದರ ಮುಂದೆ ಇಟ್ಟದ್ದು ಮಾತ್ರ. ಟ್ರಂಕಿನಲ್ಲಿ ಉಳಿದದ್ದು ನಮಗಷ್ಟೇ ಕಾಣುತ್ತದೆ.

ನಿನ್ನೆ ಅಮ್ಮ ಫೋನು ಮಾಡಿದ್ದರು. ಕೇಸಿನ ಮಾತು ಎತ್ತಲಿಲ್ಲ. ಈ ವರ್ಷವೂ ಅಪ್ಪನ ಮಾಲೆಯನ್ನೇ ಹಾಕಿದ್ದೀಯಾ ಅಂತ ಕೇಳಿದರು. ಹೌದು ಎಂದೆ. "ಸರಿ ಸ್ವಾಮಿ, ಬರಿಗಾಲಲ್ಲಿ ಜೋಪಾನ" ಎಂದು ಇಟ್ಟರು.

ನಿಮ್ಮ ನಿಮ್ಮ ಮನೆಗಳಲ್ಲೂ ಇಂಥದ್ದು ಏನಾದರೂ ಇದ್ದರೆ, ಇರುಮುಡಿ ಕಟ್ಟುವ ಮೊದಲು ಒಮ್ಮೆ ನೋಡಿಕೊಳ್ಳಿ.

ಸ್ವಾಮಿ ಶರಣಂ.